ಚಿಗಟ ಸಿಕ್ಕುವ ಮೊದಲೇ ಬಂದ ಕಾಯ್ದೆ

ಜಂತಿಯಿಂದ ಇಲಿ ಬಿತ್ತೆಂದರೆ ಗಂಟುಮೂಟೆ ಕಟ್ಟು, ಹೊಲದಲ್ಲಿ ಗುಡಿಸಲು ಹಾಕು. ಪ್ಲೇಗು ಕಂಡ ನಮ್ಮ ಬೆಳಗಾವಿ ಸೀಮೆಯ ಹಳ್ಳಿಗಳಿಗೆ ಇದನ್ನು ಯಾವ ಡಾಕ್ಟರೂ ಕಲಿಸಬೇಕಾಗಿರಲಿಲ್ಲ. ಇಲಿ ಸತ್ತ ಮನೆಯಲ್ಲಿ ಮನುಷ್ಯರ ಬಗಲಿಗೂ ತೊಡೆಸಂದಿಗೂ ಗಡ್ಡೆ ಏಳುವುದನ್ನು ಜನ ಕಣ್ಣಾರೆ ಕಂಡಿದ್ದರು. ಏಕೆ ಎಂಬುದಷ್ಟೇ ಗೊತ್ತಿರಲಿಲ್ಲ.

ಸರ್ಕಾರಕ್ಕೂ ಗೊತ್ತಿರಲಿಲ್ಲ; ಕಾಯ್ದೆ ಮಾತ್ರ ಬಂತು. 1896ರಲ್ಲಿ ಮುಂಬಯಿಗೆ ಪ್ಲೇಗು ಬಡಿಯಿತು, 1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ. ನಾಲ್ಕೇ ಕಲಮು. ಪ್ರಯಾಣಿಕರನ್ನು ತಪಾಸಣೆ ಮಾಡು, ಸಂಶಯ ಬಂದವರನ್ನು ಬೇರೆ ಇಡು, ಮಾತು ಕೇಳದವರನ್ನು ಶಿಕ್ಷಿಸು, ಅಧಿಕಾರಿಯ ಮೇಲೆ ಯಾರೂ ದಾವೆ ಹೂಡದಂತೆ ನೋಡಿಕೊ. ಇಲಿಯ ಸುದ್ದಿಯೇ ಇಲ್ಲ. ಬೈಲಹೊಂಗಲ, ಕಿತ್ತೂರು ಆಗ ಸಂಪಗಾವಿ ತಾಲೂಕು; ಸವದತ್ತಿ ಪರಸಗಡ ತಾಲೂಕು. ಎರಡೂ ಮುಂಬಯಿ ಪ್ರಾಂತಕ್ಕೆ ಸೇರಿದ್ದರಿಂದ ಈ ಕಾಯ್ದೆಯ ಕೆಳಗೆ ಬಂದವು. ಪಕ್ಕದ ರಾಮದುರ್ಗ ಭಾವೆ ಮನೆತನದ ಸಂಸ್ಥಾನ. ಆ ಗಡಿ ಇಲಿಗೆ ತಿಳಿಯಬೇಕಲ್ಲ!

1898ರಲ್ಲಿ ಇತ್ತ ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಪ್ಲೇಗು ತಡೆಯುವ ಹಾಫ್ಕಿನ್ ಲಸಿಕೆಗೆ ತೋಳು ಕೊಡುತ್ತಿದ್ದರು. ಅದೇ ವರ್ಷ ಜೂನ್‌ನಲ್ಲಿ ಕರಾಚಿಯ ಹೋಟೆಲಿನಲ್ಲಿ ಫ್ರೆಂಚ್ ವೈದ್ಯ ಪಾಲ್-ಲೂಯಿ ಸಿಮೊಂಡ್ ಪ್ಲೇಗು ತಗುಲಿದ ಇಲಿಯೊಂದನ್ನು ದೊಡ್ಡ ಗಾಜಿನ ಭರಣಿಗೆ ಹಾಕಿದ. ಮೈಮೇಲಿದ್ದ ಚಿಗಟ ಸಾಲದೆಂದು ಹೋಟೆಲಿನ ಬೆಕ್ಕಿನಿಂದ ಒಂದಿಷ್ಟು ಹಿಡಿದು ಬಿಟ್ಟ. ಇಲಿ ಸಾಯುವ ಹೊತ್ತಿಗೆ, ಜಾಳಿಗೆಯ ಪುಟ್ಟ ಪಂಜರದಲ್ಲಿ ಆರೋಗ್ಯವಂತ ಇಲಿಯನ್ನು ಒಳಗಿಳಿಸಿದ. ಎರಡಕ್ಕೂ ಮೈ ತಾಗುವಂತಿರಲಿಲ್ಲ, ಚಿಗಟಕ್ಕೆ ಜಾಳಿಗೆ ಅಡ್ಡಿಯಲ್ಲ. ಐದಾರು ದಿನಕ್ಕೆ ಎರಡನೆಯದೂ ಪ್ಲೇಗಿನಿಂದ ಸತ್ತಿತು. ಚಿಗಟವಿಲ್ಲದ ರೋಗಿ ಇಲಿಯ ಜೊತೆಗಿಟ್ಟವು ಬದುಕಿದವು.

ಭಾರತದ ಪ್ಲೇಗು ಆಯೋಗ ಇದನ್ನು ನಂಬಲಿಲ್ಲ. ದೊಡ್ಡವರ ಸಭೆಗೆ ಒಂದು ಭರಣಿ, ಎರಡು ಇಲಿ ಸಾಕ್ಷಿಯಾಗಿ ಸಾಲಲಿಲ್ಲ ಎಂದು ತೋರುತ್ತದೆ. ಮುಂದೆ ಮುಂಬಯಿಯಲ್ಲಿ ಲಿಸ್ಟನ್ ಎಂಬ ವೈದ್ಯ, ಇಲಿ ಸತ್ತಿದ್ದ ಕಟ್ಟಡದೊಳಗೆ ಗಿನಿ ಇಲಿಗಳನ್ನು ಬಿಟ್ಟ. ಅವುಗಳ ಮೈತುಂಬ ಇಲಿ ಚಿಗಟ ಮುತ್ತಿಕೊಂಡವು. 1905ರಲ್ಲಿ ಶುರುವಾದ ಸಂಶೋಧನಾ ಆಯೋಗ ಪ್ರಯೋಗದ ಮೇಲೆ ಪ್ರಯೋಗ ಮಾಡಿ, ಪ್ಲೇಗು ಹರಡುವುದು ಇಲಿ ಚಿಗಟದಿಂದ ಎಂಬುದನ್ನೇ ಸ್ಥಿರಪಡಿಸಿತು. ಇಲಿ ಹಿಡಿಯುವುದು, ಮನೆ ಖಾಲಿ ಮಾಡಿಸುವುದಕ್ಕೆ ಆಗ ಕಾರಣ ಸಿಕ್ಕಿತು. ಹೊಲದ ಗುಡಿಸಲೇ ಸರಿಯಾಗಿತ್ತು: ಚಿಗಟ ಹಿಂದೆ, ಜನ ಮುಂದೆ.

ಕಾಯ್ದೆಯೊಳಗೆ ಆ ತಿಳಿವಳಿಕೆ ಹೋಗಲಿಲ್ಲ. 2020ರ ಮಾರ್ಚ್‌ನಲ್ಲಿ ಕೊರೋನಾ ಬಂದು ಸವದತ್ತಿಯ ಯಲ್ಲಮ್ಮನ ಗುಡ್ಡದ ಬಾಗಿಲು ಮುಚ್ಚಿದಾಗ ಸರ್ಕಾರದ ಕೈಯಲ್ಲಿದ್ದದ್ದು ಅದೇ 1897ರ ಹಾಳೆ. ಕರ್ನಾಟಕ ರಾಜ್ಯಕ್ಕೆಲ್ಲ ಒಂದೇ ಕಾಯ್ದೆ ಮಾಡಿದ್ದು ಆ ವರ್ಷವೇ. ಗಡಿ ಮುಚ್ಚುವ, ಸಂಚಾರ ತಡೆಯುವ, ಆರೋಗ್ಯ ಸಿಬ್ಬಂದಿಯ ಮೇಲೆ ಕೈಮಾಡಿದವರನ್ನು ಶಿಕ್ಷಿಸುವ ಅಧಿಕಾರ ಅದರಲ್ಲಿದೆ.