ಆದೇಶ ಕೈಸೇರಿದ ದಿನದಿಂದಲೇ ಎಣಿಕೆ

ಪಾವಗಡ ತಾಲ್ಲೂಕಿನ ತಿರುಮಣಿ ಹೊರಗಿನವರಿಗೆ ಸೌರ ವಿದ್ಯುತ್ ಪಾರ್ಕಿನಿಂದ ಪರಿಚಿತವಾದರೂ, ಶಿಕ್ಷಣ ಇಲಾಖೆಯ ಆಡಳಿತದಲ್ಲಿ ಅದು ಮಧುಗಿರಿ, ಸಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳನ್ನೊಳಗೊಂಡ ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರಿದ ಊರು. ಇಲ್ಲಿನ ಸರ್ಕಾರಿ ಶಾಲೆಯ ಶಿಕ್ಷಕರೊಬ್ಬರಿಗೆ ವೇತನ ಬಡ್ತಿ ತಡೆಹಿಡಿಯುವ ಆದೇಶ ಬಂದರೆ, ಅದಕ್ಕೆ ಸಂಬಂಧಿಸಿದ ಕಡತ ಪಾವಗಡದ ಬಿಇಒ ಕಚೇರಿ, ಮಧುಗಿರಿಯ ಉಪನಿರ್ದೇಶಕರ ಕಚೇರಿ ಮತ್ತು ಬೆಂಗಳೂರಿನ ನಡುವೆ ಎಷ್ಟೇ ನಿಧಾನವಾಗಿ ಸಾಗಲಿ, ನೌಕರನಿಗೆ ಕಾನೂನು ಕೊಟ್ಟಿರುವ ಕಾಲಾವಕಾಶ ಮಾತ್ರ ದಿನದಿನವೂ ಸವೆಯುತ್ತಿರುತ್ತದೆ.

ರಾಜ್ಯ ಸರ್ಕಾರಿ ನೌಕರರ ಶಿಸ್ತುಕ್ರಮವನ್ನು 1957ರ ಕರ್ನಾಟಕ ನಾಗರಿಕ ಸೇವಾ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳು, ಅಂದರೆ ಕಚೇರಿಗಳಲ್ಲಿ ಸಿಸಿಎ ನಿಯಮಗಳೆಂದೇ ಹೆಸರಾದವು, ನಿರ್ದೇಶಿಸುತ್ತವೆ. ದಂಡನೆ ವಿಧಿಸುವ ಅಧಿಕಾರಿಯನ್ನು ಶಿಸ್ತು ಪ್ರಾಧಿಕಾರವೆಂದೂ, ಆ ಆದೇಶವನ್ನು ಮರುಪರಿಶೀಲಿಸುವ ಮೇಲಧಿಕಾರಿಯನ್ನು ಮೇಲ್ಮನವಿ ಪ್ರಾಧಿಕಾರವೆಂದೂ ಕರೆಯುವ ಈ ವ್ಯವಸ್ಥೆಯಲ್ಲಿ, ಆದೇಶದ ಪ್ರತಿ ನೌಕರನ ಕೈಸೇರಿದ ದಿನದಿಂದ ಮೂರು ತಿಂಗಳೊಳಗೆ ಮೇಲ್ಮನವಿ ಸಲ್ಲಬೇಕು. ಎಣಿಕೆ ಆರಂಭವಾಗುವುದು ಆದೇಶಕ್ಕೆ ಸಹಿಯಾದ ದಿನದಿಂದಲ್ಲವಾದ್ದರಿಂದ, ಪ್ರತಿ ಪಡೆದ ದಿನಾಂಕವನ್ನು ಬರೆದೇ ಸಹಿ ಹಾಕುವುದು ಮತ್ತು ಅಂಚೆಯ ಲಕೋಟೆಯನ್ನು ಜೋಪಾನ ಮಾಡುವುದು ಸಣ್ಣ ಸಂಗತಿಗಳಲ್ಲ.

ಮುಂದಿನ ಮೆಟ್ಟಿಲು 1985ರ ಆಡಳಿತ ನ್ಯಾಯಮಂಡಳಿಗಳ ಕಾಯ್ದೆಯಡಿ 1986ರಲ್ಲಿ ಸ್ಥಾಪಿತವಾದ, ನೌಕರರ ಬಾಯಲ್ಲಿ ಕೆಎಟಿ ಎಂದಾಗಿರುವ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ. ಇಲಾಖೆಯೊಳಗಿನ ಪರಿಹಾರಮಾರ್ಗವನ್ನು ಮೊದಲು ಬಳಸಬೇಕೆಂದು ಕಾಯ್ದೆಯ 20ನೇ ಕಲಂ ಹೇಳಿದರೆ, ಅಂತಿಮ ಆದೇಶದಿಂದ ಒಂದು ವರ್ಷದೊಳಗೆ ಅರ್ಜಿ ಸಲ್ಲಿಸಬೇಕೆಂದು 21ನೇ ಕಲಂ ವಿಧಿಸುತ್ತದೆ. ಮೇಲ್ಮನವಿಗೆ ಆರು ತಿಂಗಳಾದರೂ ಉತ್ತರ ಬಾರದಿದ್ದರೆ, ಆ ಆರು ತಿಂಗಳು ಮುಗಿದಂದಿನಿಂದ ಒಂದು ವರ್ಷದ ಲೆಕ್ಕ ಹಿಡಿಯಬೇಕು. ಹೀಗಾಗಿ 2024ರ ಸೆಪ್ಟೆಂಬರ್ ಆರಂಭದಲ್ಲಿ ಸಲ್ಲಿಸಿದ ಮೇಲ್ಮನವಿಯ ಬಗ್ಗೆ ಇಲಾಖೆ ಮೌನವಾಗಿಯೇ ಉಳಿದರೆ, ಕೆಎಟಿಗೆ ಹೋಗುವ ಅವಕಾಶ 2026ರ ಮಾರ್ಚ್ ಆರಂಭಕ್ಕೆ ಮುಗಿಯುತ್ತದೆ.

ನೌಕರರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಒಂದು ಮನವಿಗೆ ಉತ್ತರ ಬಾರದಿದ್ದಾಗ ಮತ್ತೊಂದು, ಅದರ ಮೇಲೊಂದು ಜ್ಞಾಪನಾಪತ್ರ, ಸಂಘದ ಮೂಲಕ ಇನ್ನೊಂದು ಎಂದು ಬರೆಯುತ್ತ ಹೋದರೆ ವಿಷಯ ಜೀವಂತವಾಗಿರುತ್ತದೆಂಬ ನಂಬಿಕೆ ಕಚೇರಿಗಳಲ್ಲಿ ಆಳವಾಗಿದೆ. ಎಸ್.ಎಸ್. ರಾಥೋರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 1989ರಲ್ಲಿಯೇ ಈ ನಂಬಿಕೆಯನ್ನು ತಳ್ಳಿಹಾಕಿತು: ನಿಯಮದಲ್ಲಿ ಹೇಳಿರುವ ಮೇಲ್ಮನವಿಯ ಇತ್ಯರ್ಥದಿಂದ ಕಾಲಮಿತಿ ಎಣಿಸಬಹುದೇ ಹೊರತು, ನಿಯಮದಲ್ಲಿಲ್ಲದ ಮನವಿಗಳನ್ನು ಎಷ್ಟು ಸಲ ಬರೆದರೂ ಅದು ವಿಸ್ತರಿಸುವುದಿಲ್ಲ. ಹಳಸಿದ ಮನವಿಗೆ ಇಲಾಖೆ ತಡವಾಗಿ ಕೊಟ್ಟ ಉತ್ತರವೂ ಸತ್ತ ಹಕ್ಕನ್ನು ಎಬ್ಬಿಸುವುದಿಲ್ಲವೆಂದು 2008ರಲ್ಲಿ ಅದೇ ನ್ಯಾಯಾಲಯ ಸ್ಪಷ್ಟಪಡಿಸಿತು.

ಗಡುವು ಮೀರಿದ ಮಾತ್ರಕ್ಕೆ ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಕಾಯಿಲೆಯಂಥ ಸಾಕಷ್ಟು ಕಾರಣವನ್ನು ದಾಖಲೆಯೊಂದಿಗೆ ತೋರಿಸಿದರೆ ಮೇಲ್ಮನವಿ ಪ್ರಾಧಿಕಾರವೂ ನ್ಯಾಯಮಂಡಳಿಯೂ ವಿಳಂಬವನ್ನು ಮನ್ನಿಸಬಹುದು. ಆದರೆ ಅದು ವಿವೇಚನೆಗೆ ಬಿಟ್ಟ ವಿಷಯವೇ ಹೊರತು ಹಕ್ಕಲ್ಲ. ಮೇಲ್ಮನವಿಯನ್ನು ಯಾರಿಗೆ, ಎಷ್ಟು ದಿನದೊಳಗೆ ಸಲ್ಲಿಸಬೇಕೆಂಬ ಎರಡು ಸಾಲನ್ನು ಪ್ರತಿ ದಂಡನಾದೇಶದ ಕೊನೆಯಲ್ಲಿ ಕಡ್ಡಾಯವಾಗಿ ಮುದ್ರಿಸಿದರೆ, ವಕೀಲರ ಸಲಹೆಗಾಗಿ 150 ಕಿಲೋಮೀಟರಿಗೂ ಹೆಚ್ಚು ದೂರದ ಬೆಂಗಳೂರನ್ನು ಆಶ್ರಯಿಸುವ ಗಡಿನಾಡಿನ ನೌಕರರಿಗೆ ಈ ಮನ್ನಾದ ಹಂಗೇ ಎಷ್ಟೋ ಸಲ ಬೇಕಾಗುವುದಿಲ್ಲ. ಇದಕ್ಕೆ ಸರ್ಕಾರಕ್ಕೆ ತಗಲುವ ವೆಚ್ಚವೂ ಇಲ್ಲ.

ವೇತನ ನಿಗದಿಯ ಅಥವಾ ಪಿಂಚಣಿಯ ತಪ್ಪು ಪ್ರತಿ ತಿಂಗಳೂ ಮರುಕಳಿಸುವುದರಿಂದ ಅದನ್ನು ಮುಂದುವರಿಯುವ ಅನ್ಯಾಯವೆಂದು ಪರಿಗಣಿಸಿ, ತಡವಾಗಿ ಬಂದವರಿಗೂ ಪರಿಹಾರ ಕೊಡಬಹುದೆಂದು 2008ರ ತರ್ಸೇಮ್ ಸಿಂಗ್ ಪ್ರಕರಣದ ತೀರ್ಪು ಹೇಳುತ್ತದೆ. ಹಿಂಬಾಕಿ ಮಾತ್ರ ಸಾಮಾನ್ಯವಾಗಿ ಅರ್ಜಿಗೆ ಹಿಂದಿನ ಮೂರು ವರ್ಷಕ್ಕೆ ಸೀಮಿತ. ಜ್ಯೇಷ್ಠತೆ ಮತ್ತು ಪದೋನ್ನತಿಯ ವಿವಾದಗಳಿಗೆ ಈ ಸಡಿಲಿಕೆ ಅನ್ವಯಿಸದು, ಏಕೆಂದರೆ ಅಲ್ಲಿ ಒಬ್ಬರ ಸ್ಥಾನ ಮೇಲೇರಿದರೆ ವರ್ಷಗಳಿಂದ ನೆಲೆಗೊಂಡ ಸಹೋದ್ಯೋಗಿಗಳ ಸ್ಥಾನ ಕೆಳಗಿಳಿಯುತ್ತದೆ.