ಕೀರ್ತಿವಂತರೂ ಪಾಠಶಾಲೆಯೂ

ಲೋಕವಿಖ್ಯಾತನಾದವನೊಬ್ಬನು ತರಗತಿಯೊಳಕ್ಕೆ ಕಾಲಿಟ್ಟ ಮಾತ್ರಕ್ಕೆ ದಾರಿತಪ್ಪಿದ ಹುಡುಗರು ದಾರಿಗೆ ಬರುವರೆ? ಶಾಲೆಗಳ ಸುಧಾರಣೆಗೆ ಕೀರ್ತಿಯೊಂದೇ ಸಾಕೆ? ಈ ಪ್ರಶ್ನೆಗಳಿಗೆ ಇಂಗ್ಲೆಂಡ್ ದೇಶದಲ್ಲಿ ನಡೆದ ಎರಡು ಪ್ರಯೋಗಗಳು ತಕ್ಕ ಉತ್ತರವನ್ನು ಕೊಡುತ್ತವೆ. ಎರಡನ್ನೂ ಕೈಗೊಂಡವರು ಪಾಕಕಲೆಯಿಂದ ಹೆಸರಾದ ಜೇಮೀ ಆಲಿವರ್ ಎಂಬವರು. ಓದುವುದರಲ್ಲಿ ಬಹಳ ತೊಡಕನ್ನನುಭವಿಸಿ 16ನೆಯ ವಯಸ್ಸಿನಲ್ಲಿಯೇ ಶಾಲೆಯನ್ನು ಬಿಟ್ಟವರಾದುದರಿಂದ, ಹಿಂದುಳಿದ ಹುಡುಗನ ಸಂಕಟವು ಅವರಿಗೆ ಕೇಳಿ ತಿಳಿದ ವಿಷಯವಲ್ಲ.

ಮೊದಲನೆಯದು ಶಾಲೆಯ ಊಟದ ವಿಷಯ. ಲಂಡನ್ನಿನ ಗ್ರೀನಿಚ್ ಪ್ರಾಂತದ ಶಾಲೆಯೊಂದರ ಅಡುಗೆಮನೆಯನ್ನು ಹೊಕ್ಕು, ಮಗುವೊಂದರ ಊಟದ ಪದಾರ್ಥಗಳಿಗೆ ಕೇವಲ 37 ಪೆನ್ಸ್ ವ್ಯಯವಾಗುತ್ತಿದ್ದುದನ್ನು ಅವರು 2005ರಲ್ಲಿ ದೂರದರ್ಶನದ ಮೂಲಕ ದೇಶಕ್ಕೆಲ್ಲ ತೋರಿಸಿಕೊಟ್ಟರು. 2,70,000ಕ್ಕೂ ಹೆಚ್ಚು ಜನರು ರುಜು ಮಾಡಿದ ಮನವಿಯು ಪ್ರಧಾನಮಂತ್ರಿಗಳಿಗೆ ಸಲ್ಲಿತು. ಟೋನಿ ಬ್ಲೇರ್‌ರವರ ಸರ್ಕಾರವು 28 ಕೋಟಿ ಪೌಂಡುಗಳನ್ನು ಕೊಡುವೆನೆಂದಿತು. ಮರುವರ್ಷ ಆಹಾರದ ಹೊಸ ನಿಯಮಗಳು ಜಾರಿಗೆ ಬಂದವು. ವಿರೋಧವೂ ಇಲ್ಲದಿರಲಿಲ್ಲ. 2006ರಲ್ಲಿ ರಾದರ್‌ಹ್ಯಾಮಿನ ಬಳಿಯ ಶಾಲೆಯೊಂದರಲ್ಲಿ ಕೆಲವರು ತಾಯಂದಿರು ಬೇಲಿಯ ಸಂದಿನಿಂದ ಮಕ್ಕಳಿಗೆ ಕರಿದ ತಿಂಡಿಗಳನ್ನು ಒದಗಿಸಿದರು. ಆದರೂ ಕೆಲಸವು ನಿಲ್ಲಲಿಲ್ಲ. ಗ್ರೀನಿಚ್ಚಿನ ಮಕ್ಕಳ ಕಲಿಕೆಯು ಸುಧಾರಿಸಿತೆಂದೂ, ಅನಾರೋಗ್ಯವೇ ಮೊದಲಾದ ಕಾರಣಗಳ ಗೈರುಹಾಜರಿಯು ಸುಮಾರು ಶೇಕಡ 14ರಷ್ಟು ತಗ್ಗಿತೆಂದೂ ಇಬ್ಬರು ಅರ್ಥಶಾಸ್ತ್ರಜ್ಞರು ಬಳಿಕ ಲೆಕ್ಕಹಾಕಿದರು.

ಎರಡನೆಯದು 2011ರ ‘ಕನಸಿನ ಶಾಲೆ’. ಪರೀಕ್ಷೆಗಳಲ್ಲಿ ಸೋತು ಶಾಲೆಯಿಂದ ಹೊರಬಿದ್ದಿದ್ದ 20 ಮಂದಿ ತರುಣ ತರುಣಿಯರನ್ನು ಕೂಡಿಸಿ, ಅವರಿಗೆ ಪಾಠ ಹೇಳುವುದಕ್ಕೆ ದೇಶದ ಘನವಿದ್ವಾಂಸರನ್ನೂ ಕಲಾವಿದರನ್ನೂ ಕರೆತಂದರು. ವಿಜ್ಞಾನಕ್ಕೆ ರಾಬರ್ಟ್ ವಿನ್‌ಸ್ಟನ್, ನಾಟಕಸಾಹಿತ್ಯಕ್ಕೆ ನಟ ಸೈಮನ್ ಕ್ಯಾಲೋ, ಚರಿತ್ರೆಗೆ ಡೇವಿಡ್ ಸ್ಟಾರ್ಕಿ! ಇದಕ್ಕಿಂತ ಪಂಡಿತಮಂಡಲಿ ಬೇಕೆ? ಆದರೆ ನಡೆದುದೇನು? ಮೊದಲ ಪಾಠದಲ್ಲಿಯೇ ಗದ್ದಲವನ್ನು ತಾಳಲಾರದೆ ಸ್ಟಾರ್ಕಿಯವರು ಹುಡುಗನೊಬ್ಬನ ಸ್ಥೂಲದೇಹವನ್ನು ಹಂಗಿಸಿದರು, ಹುಡುಗನು ಎದುರುತ್ತರ ಕೊಟ್ಟನು, ಪಾಠವು ಕೆಟ್ಟಿತು. ಅಪಾರ ಪಾಂಡಿತ್ಯವು ಅಲ್ಲಿ ಕೆಲಸಕ್ಕೆ ಬರಲಿಲ್ಲ. ಆ ಶಾಲೆಯನ್ನು ಹಿಡಿದು ನಿಲ್ಲಿಸಲು ದುಡಿದವರು ಮುಖ್ಯೋಪಾಧ್ಯಾಯ ಜಾನ್ ಡಾಬ್ರೊ. ಅವರು ಅಂತಹ ಮಕ್ಕಳ ನಡುವೆಯೇ ವರ್ಷಾನುಗಟ್ಟಲೆ ಕೆಲಸಮಾಡಿದ್ದವರು.

ಇವೆರಡಕ್ಕೂ ಇರುವ ಭೇದವನ್ನು ನಮ್ಮ ವಾಚಕರು ಗಮನಿಸಬೇಕು. ಮೊದಲನೆಯದರಲ್ಲಿ ಕೀರ್ತಿವಂತನು ತನ್ನ ಕೀರ್ತಿಯಿಂದ ಸರ್ಕಾರದ ಬೊಕ್ಕಸದ ಬಾಗಿಲನ್ನು ತೆರೆಯಿಸಿದನು; ನಿತ್ಯದ ಕೆಲಸವನ್ನು ಅಡುಗೆಯವರೂ ಅಧಿಕಾರಿಗಳೂ ಮುಂದುವರಿಸಿದರು. ಎರಡನೆಯದರಲ್ಲಿ ಕೀರ್ತಿಯನ್ನೇ ಉಪಾಧ್ಯಾಯನ ಪೀಠದಲ್ಲಿ ಕುಳ್ಳಿರಿಸಿದುದಾಯಿತು. ಕೆಲವರು ಹುಡುಗರಲ್ಲಿ ಓದಿನ ಆಸೆಯು ಮರಳಿ ಚಿಗುರಿತೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಚಿಗುರಿಗೆ ನೀರೆರೆಯುವವರಾರು? ಕೆಲವು ವಾರಗಳಲ್ಲಿ ಅತಿಥಿಗಳು ತಮ್ಮ ತಮ್ಮ ಮನೆಗಳಿಗೆ ಹಿಂದಿರುಗಿದರು.

ಕೆಟ್ಟ ಹುಡುಗನೆಂದು ಹೆಸರಾದವನನ್ನು ಒಂದು ದಿನ ಬೆರಗುಗೊಳಿಸುವುದು ಸುಲಭ; ಅವನು ನೂರು ಸಲ ತಪ್ಪಿದರೂ ನೂರೊಂದನೆಯ ಸಲ ಅವನ ಹೆಸರನ್ನು ಪ್ರೀತಿಯಿಂದ ಕರೆಯುವುದು ಕಷ್ಟ. ಈ ಕಷ್ಟವನ್ನು ಹೊರುವವನು ಯಾರ ಕಣ್ಣಿಗೂ ಬೀಳದ ಸಾಮಾನ್ಯ ಉಪಾಧ್ಯಾಯನು. ಕೀರ್ತಿವಂತರು ಶಾಲೆಗೆ ಉಪಕಾರಮಾಡಬೇಕೆಂದಿದ್ದರೆ ಅವನ ಕುರ್ಚಿಯನ್ನು ಬಯಸದೆ, ಅವನಿಗೆ ಬೇಕಾದುದನ್ನು ಕೊಡಿಸಲಿ. ಆಳುವವರ ಕಿವಿಗೆ ಅವನ ದನಿಯು ತಲಪದು. ಇವರ ದನಿಯು ತಲಪುತ್ತದೆ.