ಕಾಲೇಜಿನಲ್ಲಿ ಓಡುವ ಪ್ರೋಗ್ರಾಂ ಶಾಲೆಯಲ್ಲೇಕೆ ಓಡದು?

ಆಸಿಲೋಸ್ಕೋಪ್ ಕೊಳ್ಳಲಾಗದ ಶಾಲೆಗಳಿಗೆ 'ಎಕ್ಸ್‌ಪ್‌ಐಸ್' ಎಂಬ ಪುಟ್ಟ ಉಪಕರಣ ಬಹಳ ಉಪಯುಕ್ತ. ಇದನ್ನು ರೂಪಿಸಿದ್ದು ನವದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರದ ಫೀನಿಕ್ಸ್ ಯೋಜನೆ. ಗಣಕದ ಯುಎಸ್‌ಬಿ ಕಿಂಡಿಗೆ ಸಿಕ್ಕಿಸಿದರೆ ಸಾಕು, ವಿದ್ಯುತ್ತೂ ಅಲ್ಲಿಂದಲೇ ದೊರೆಯುತ್ತದೆ. ಎಕ್ಸ್‌ಪ್‌ಐಸ್-17ರ ಎ1, ಎ2 ತುದಿಗಳು -16ರಿಂದ +16 ವೋಲ್ಟ್‌ವರೆಗೆ ಅಳೆಯುತ್ತವೆ. ಕೆಪಾಸಿಟರಿನ ವಿಸರ್ಜನೆಯ ರೇಖೆಯನ್ನು ಪರದೆಯ ಮೇಲೆ ಮೂಡಿಸುವ ಪೈಥಾನ್ ಪ್ರೋಗ್ರಾಮನ್ನು ನಾವೇ ಬರೆದು, ಅದರಲ್ಲಿ ಸೂಚನೆಗಳನ್ನು ಕನ್ನಡದಲ್ಲೇ ಕೊಡಬಹುದು. ಕೆಲವೇ ಸಾಲು ಸಾಕು; ಉಪಕರಣದೊಡನೆ ಮಾತನಾಡುವ ಕಷ್ಟದ ಕೆಲಸವನ್ನು 'ಐಸ್17' ಎಂಬ ಲೈಬ್ರರಿ ನೋಡಿಕೊಳ್ಳುತ್ತದೆ.

ಇಂಥ ಪ್ರೋಗ್ರಾಮನ್ನು ಕಲಬುರಗಿಯ ಕಾಲೇಜೊಂದರಲ್ಲಿ ಬರೆದು, ಪೆನ್‌ಡ್ರೈವಿನಲ್ಲಿ ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನದಂಥ ಊರಿನ ಶಾಲೆಗೆ ಒಯ್ದಿರೆಂದು ಭಾವಿಸಿ. ಅಲ್ಲಿ ಅದು ತೆರೆಯುವುದೇ ಇಲ್ಲ. ಪ್ರೋಗ್ರಾಂ ತಪ್ಪಲ್ಲ. ನೀವು ಒಯ್ದದ್ದು ನಿಮ್ಮ ಸಾಲುಗಳನ್ನು ಮಾತ್ರ. ಲೈಬ್ರರಿ ಕಾಲೇಜಿನ ಗಣಕದಲ್ಲೇ ಉಳಿಯಿತು.

ಒಂದು ದಾರಿ, ಶಾಲೆಯ ಗಣಕದಲ್ಲೂ ಪೈಥಾನ್ ಮತ್ತು ಲೈಬ್ರರಿಗಳನ್ನು ಅಳವಡಿಸುವುದು. ಅಂತರಜಾಲ ಇಲ್ಲದಿದ್ದರೂ ಅಡ್ಡಿಯಿಲ್ಲ. ಪೈಥಾನಿನ 'ಪಿಪ್' ಸಾಧನದಿಂದ ಕಡತಗಳನ್ನು ಕಾಲೇಜಿನಲ್ಲೇ ಇಳಿಸಿಕೊಂಡು, ಶಾಲೆಯಲ್ಲಿ ಆ ಕಡತಕೋಶದಿಂದಲೇ ಅಳವಡಿಸಬಹುದು. ಆದರೆ ಅವು ಶಾಲೆಯ ಗಣಕಕ್ಕೆ ಹೊಂದಬೇಕು: 64 ಬಿಟ್ ಪ್ರೋಗ್ರಾಂ 32 ಬಿಟ್ ಲೈಬ್ರರಿಯನ್ನು ಎತ್ತಿಕೊಳ್ಳಲಾರದು. ಹಳೆಯ ವಿಂಡೋಸ್ 7 ಗಣಕವಾದರೆ ಪೈಥಾನ್ 3.8ಕ್ಕಿಂತ ಮುಂದಿನದು ಅಲ್ಲಿ ನಡೆಯದು.

ಎರಡನೆಯ ದಾರಿ ಸ್ವತಂತ್ರ ಅನ್ವಯ. 'ಪೈಇನ್‌ಸ್ಟಾಲರ್' ಎಂಬ ಸಾಧನ ನಿಮ್ಮ ಪ್ರೋಗ್ರಾಂ, ಪೈಥಾನ್, ಲೈಬ್ರರಿಗಳನ್ನೆಲ್ಲ ಒಂದೇ ಗಂಟಾಗಿ ಕಟ್ಟಿಕೊಡುತ್ತದೆ. ಪಾಠದ ಮನೆಗೆ ನನಗೆ ಇದೇ ಹೆಚ್ಚು ಮೆಚ್ಚುಗೆ. ವಿಂಡೋಸಿಗೆ ಬೇಕಾದ ಗಂಟನ್ನು ವಿಂಡೋಸಿನಲ್ಲೇ ಕಟ್ಟಬೇಕು, ಲಿನಕ್ಸಿನದನ್ನು ಲಿನಕ್ಸಿನಲ್ಲೇ.

ಇಲ್ಲೊಂದು ಸೂಕ್ಷ್ಮವಿದೆ. ಪೈಇನ್‌ಸ್ಟಾಲರ್ ನಿಮ್ಮ ಸಾಲುಗಳನ್ನು ಓದಿ 'ಇಂಪೋರ್ಟ್' ಎಂದು ಬರೆದಿರುವುದನ್ನು ಹುಡುಕಿ ಗಂಟಿಗೆ ಸೇರಿಸುತ್ತದೆ. ಪ್ಲಗಿನ್‌ನ ಸ್ವಭಾವವೇ ಬೇರೆ. ಅದರ ಹೆಸರನ್ನು ಪ್ರೋಗ್ರಾಂ ಓಡುವಾಗ ಹುಡುಕಿ ಎತ್ತಿಕೊಳ್ಳಲಾಗುತ್ತದೆ. ಬರೆದ ಸಾಲುಗಳಲ್ಲಿ ಅದು ಕಾಣುವುದೇ ಇಲ್ಲ, ಹಾಗಾಗಿ ಗಂಟಿನಿಂದ ಹೊರಗುಳಿಯಬಹುದು. 'ಹಿಡನ್ ಇಂಪೋರ್ಟ್' ಎಂಬ ಆಯ್ಕೆಯಲ್ಲಿ ಅಂಥವುಗಳ ಹೆಸರನ್ನು ನಾವೇ ಕೊಡಬೇಕು. ಕಿಟಕಿ, ಗುಂಡಿಗಳನ್ನು ಚಿತ್ರಿಸುವ 'ಕ್ಯೂಟಿ' ಲೈಬ್ರರಿಯನ್ನು ಬಳಸಿದ್ದರೆ, ವಿಂಡೋಸಿನಲ್ಲಿ ಅದರ 'ಪ್ಲಾಟ್‌ಫಾರ್ಮ್ಸ್' ಕಡತಕೋಶವೂ ಜೊತೆಗಿರಬೇಕು. ಇಲ್ಲವಾದರೆ 'ಪ್ಲಾಟ್‌ಫಾರ್ಮ್ ಪ್ಲಗಿನ್ ಸಿಗಲಿಲ್ಲ' ಎಂಬರ್ಥದ ಸಂದೇಶ ತೋರಿಸಿ ಪ್ರೋಗ್ರಾಂ ನಿಂತುಬಿಡುತ್ತದೆ.

ಕಟ್ಟಿದ ಗಂಟನ್ನು ಕಟ್ಟಿದ ಗಣಕದಲ್ಲೇ ಪರೀಕ್ಷಿಸಿದರೆ ಪ್ರಯೋಜನ ಕಡಿಮೆ. ಒಳಗಿಲ್ಲದ ಕಡತವನ್ನು ಅದು ಅಲ್ಲಿ ಅಕ್ಕಪಕ್ಕದಿಂದ ಎತ್ತಿಕೊಂಡು ಓಡಿಬಿಡಬಹುದು. ಪೈಥಾನೇ ಇಲ್ಲದ ಗಣಕವೊಂದರಲ್ಲಿ ಓಡಿಸಿ ನೋಡಿ. ಎಲ್ಲವನ್ನೂ ಒಂದೇ ಕಡತವಾಗಿಸುವ ಆಯ್ಕೆ ನೋಡಲು ಅಚ್ಚುಕಟ್ಟು. ಆದರೆ ಪ್ರತಿ ಸಲ ತೆರೆದಾಗಲೂ ಅದು ತನ್ನನ್ನು ಬಿಚ್ಚಿಕೊಳ್ಳಬೇಕಾದ್ದರಿಂದ ಹಳೆಯ ಗಣಕಗಳಲ್ಲಿ ನಿಧಾನ. ಕಡತಕೋಶದ ರೂಪವೇ ಲೇಸು.

ಗಂಟಿನೊಳಗೆ ಸೇರದ ಒಂದು ಕೆಲಸವೂ ಇದೆ. ವಿಂಡೋಸಿನಲ್ಲಿ ಯುಎಸ್‌ಬಿ ಚಾಲಕ ತಂತ್ರಾಂಶವನ್ನು, ಲಿನಕ್ಸಿನಲ್ಲಿ ಸಾಮಾನ್ಯ ಬಳಕೆದಾರರಿಗೂ ಉಪಕರಣವನ್ನು ತೆರೆಯಲು ಅನುಮತಿಸುವ 'ಯುಡೆವ್' ನಿಯಮವನ್ನು ಶಾಲೆಯ ಗಣಕದಲ್ಲಿ ಒಮ್ಮೆ ಬೇರೆಯಾಗಿ ಅಳವಡಿಸಬೇಕು. ಅದಕ್ಕೆ ಆ ಗಣಕದ ಆಡಳಿತಗಾರರ ಗುಪ್ತಪದ ಬೇಕಾಗುತ್ತದೆ; ಹೊರಡುವ ಮುನ್ನವೇ ಮುಖ್ಯೋಪಾಧ್ಯಾಯರನ್ನು ಕೇಳಿಟ್ಟುಕೊಳ್ಳಿ.